ಕಪಾಟಿನಲ್ಲಿ ಉಳಿದ ಸರ್ಟಿಫಿಕೇಟುಗಳು

ನಮ್ಮ ಮನೆಗಳಲ್ಲಿ ಬಯೋಡಾಟಾ ಎಂದೊಡನೆ ನೆನಪಾಗುವುದು ಮದುವೆಯ ಪ್ರಸ್ತಾಪ. ಹುಡುಗಿಯ ಎತ್ತರ, ಬಣ್ಣ, ತಂದೆಯ ಉದ್ಯೋಗ, ಅಣ್ಣಂದಿರು ಯಾವ ದೇಶದಲ್ಲಿದ್ದಾರೆ ಎಂಬ ವಿವರ. ಕೊನೆಯಲ್ಲೆಲ್ಲೋ ಒಂದು ಸಾಲಿನಲ್ಲಿ 'ಬಿ.ಎಸ್ಸಿ.' ಮೂರು ವರ್ಷ ಎರಡೆರಡು ಬಸ್ಸು ಹಿಡಿದು, ರಾತ್ರಿ ಮನೆಗೆಲಸ ಮುಗಿಸಿ ಓದಿದ ಓದಿಗೆ ಸಿಗುವ ಜಾಗ ಅಷ್ಟೇ. ದುಃಖದ ಸಂಗತಿಯೆಂದರೆ, ಅದೇ ಹುಡುಗಿ ಉನ್ನತ ಶಿಕ್ಷಣಕ್ಕೆ ಅರ್ಜಿ ಹಾಕುವಾಗ ತಾನೇ ಬರೆಯುವ ಸಿ.ವಿ.ಯಲ್ಲೂ ಬಹುತೇಕ ಇದೇ ಆಗುತ್ತದೆ.

ಎಲ್ಲ ಕಡೆಯೂ ಸಿ.ವಿ. ಕೇಳುವುದಿಲ್ಲ. ನಮ್ಮ ಕೇಂದ್ರೀಯ ವಿಶ್ವವಿದ್ಯಾನಿಲಯಗಳ ಸ್ನಾತಕೋತ್ತರ ಪ್ರವೇಶಕ್ಕೆ 2022ರಿಂದ ಸಿ.ಯು.ಇ.ಟಿ. ಪರೀಕ್ಷೆ ಇದೆ, ಅಲ್ಲಿ ಅಂಕವೇ ಮುಖ್ಯ. ಆದರೆ ಅಮೆರಿಕ, ಬ್ರಿಟನ್ ಮತ್ತು ಯುರೋಪಿನ ಹಲವು ವಿಶ್ವವಿದ್ಯಾನಿಲಯಗಳು ಅಂಕಪಟ್ಟಿ, ಶಿಫಾರಸು ಪತ್ರಗಳ ಜೊತೆಗೆ ಸಿ.ವಿ.ಯನ್ನೂ ಕೇಳುತ್ತವೆ. ಯುರೋಪಿನ ಎರಾಸ್ಮಸ್ ಮುಂಡಸ್‌ನಂತಹ ವಿದ್ಯಾರ್ಥಿವೇತನಗಳಿಗೂ ಅದು ಬೇಕಾಗುತ್ತದೆ. ಅದನ್ನು ಓದುವವರಿಗೆ ನಿಮ್ಮ ಮಗಳ ಊರೂ ಗೊತ್ತಿಲ್ಲ, ಕಾಲೇಜೂ ಗೊತ್ತಿಲ್ಲ. ಆ ಒಂದೆರಡು ಪುಟದಲ್ಲಿ ಇಲ್ಲದ್ದು ಅವರ ಪಾಲಿಗೆ ನಡೆದೇ ಇಲ್ಲ.

ಮೊದಲು ಏನನ್ನು ಬಿಡಬೇಕು? ಅಮೆರಿಕ, ಬ್ರಿಟನ್‌ಗೆ ಕಳುಹಿಸುವ ಸಿ.ವಿ.ಯಲ್ಲಿ ಫೋಟೋ, ತಂದೆಯ ಹೆಸರು, ಧರ್ಮ, ವಿವಾಹಿತೆಯೋ ಅಲ್ಲವೋ ಎಂಬುದನ್ನು ಹಾಕುವ ರೂಢಿಯಿಲ್ಲ. ಶಾಲೆಯ ಪ್ರಬಂಧ ಸ್ಪರ್ಧೆಯ ಬಹುಮಾನಗಳೂ ಬೇಡ. ಪದವಿಯ ಸಾಧನೆಗೆ ಜಾಗ ಬಿಡಿ. ಇತ್ತೀಚಿನದು ಮೇಲೆ, ಹಿಂದಿನದು ಕೆಳಗೆ ಬರಲಿ.

ಅಂಕಗಳನ್ನು ಅಂಕಪಟ್ಟಿಯಲ್ಲಿ ಇರುವಂತೆಯೇ ಬರೆಯಬೇಕು. 10ಕ್ಕೆ 8.4 ಬಂದಿದ್ದರೆ '8.4/10' ಎಂದೇ ಇರಲಿ. ಅಮೆರಿಕದಲ್ಲಿ 4ರ ಲೆಕ್ಕ ಎಂದು ಕೇಳಿ ನಾವೇ ಭಾಗಿಸಿ ಗುಣಿಸಿ ಬರೆಯುವುದು ಸರಿಯಲ್ಲ. ಅವರು ಬೇರೆ ರೀತಿಯಲ್ಲಿ ಲೆಕ್ಕ ಹಾಕಿದರೆ ನಮ್ಮ ಸಂಖ್ಯೆ ಸುಳ್ಳಿನಂತೆ ಕಾಣುತ್ತದೆ. ರ‍್ಯಾಂಕ್ ಬಂದಿದ್ದರೆ ಬರಿಯ 'ಮೂರನೇ ರ‍್ಯಾಂಕ್' ಸಾಲದು. ಯಾವ ವಿಷಯದಲ್ಲಿ, ಎಷ್ಟು ವಿದ್ಯಾರ್ಥಿಗಳಲ್ಲಿ ಎಂಬುದೂ ಇದ್ದರೆ ದೂರದ ಓದುಗನಿಗೆ ಅದರ ಬೆಲೆ ತಿಳಿಯುತ್ತದೆ.

ಹೆಚ್ಚಿನವರು ಎಡವುವುದು ಪ್ರಾಜೆಕ್ಟ್ ವಿಷಯದಲ್ಲಿ. 'ಅಂತಿಮ ವರ್ಷದಲ್ಲಿ ಪ್ರಾಜೆಕ್ಟ್ ಮಾಡಿದ್ದೇನೆ' ಎಂದರೆ ಯಾರಿಗೆ ಏನು ಅರ್ಥವಾಗುತ್ತದೆ? 'ಸಮುದ್ರ ದಂಡೆಯ 40 ಬಾವಿಗಳ ನೀರು ಸಂಗ್ರಹಿಸಿ, ಬೇಸಿಗೆ ಮತ್ತು ಮಳೆಗಾಲದಲ್ಲಿ ಉಪ್ಪಿನಂಶ ಅಳೆದು ಹೋಲಿಸಿದೆ' ಎಂದು ಬರೆದು ನೋಡಿ. ಕೆಲಸ ಕಣ್ಣಿಗೆ ಕಟ್ಟುತ್ತದೆ. ಗುಂಪಿನಲ್ಲಿ ಮಾಡಿದ್ದರೆ ನಾಲ್ವರಲ್ಲಿ ತನ್ನ ಪಾಲು ಯಾವುದೆಂದು ಹೇಳಬೇಕು. ಲೇಖನ ಪತ್ರಿಕೆಗೆ ಕಳುಹಿಸಿದ್ದರೆ 'ಕಳುಹಿಸಲಾಗಿದೆ' ಎನ್ನಬೇಕೇ ಹೊರತು 'ಪ್ರಕಟಿತ' ಎನ್ನಬಾರದು.

ನೆರೆಯ ಮಕ್ಕಳಿಗೆ ಮೂರು ವರ್ಷ ಗಣಿತ ಹೇಳಿಕೊಟ್ಟದ್ದು ನಮ್ಮ ಹುಡುಗಿಯರಿಗೆ ಸಾಧನೆ ಎನಿಸುವುದೇ ಇಲ್ಲ. ಅದು ಬೋಧನೆಯ ಅನುಭವ, ಬರೆಯಬೇಕು. ಭಾಷೆಗಳೂ ಹಾಗೆಯೇ. ಬ್ಯಾರಿ, ಉರ್ದು, ಕನ್ನಡ, ಇಂಗ್ಲಿಷ್ ಬಲ್ಲವಳು ಅದನ್ನು ಏಕೆ ಮುಚ್ಚಿಡಬೇಕು? ಆದರೆ ಮದ್ರಸದಲ್ಲಿ ಕಲಿತ ಅರಬಿ ಓದಲು ಮಾತ್ರ ಬಂದರೆ 'ಓದಬಲ್ಲೆ' ಎಂದಷ್ಟೇ ಹೇಳಬೇಕು. ಪದವಿಯ ಜೊತೆ ಆಲಿಮ ಕೋರ್ಸ್ ಮುಗಿಸಿದವಳು ಅದು ಎಷ್ಟು ವರ್ಷದ್ದು, ಏನು ಕಲಿಸುತ್ತಾರೆ ಎಂಬುದನ್ನು ಒಂದು ಸಾಲಿನಲ್ಲಿ ತಿಳಿಸಿ ಶಿಕ್ಷಣದ ವಿಭಾಗದಲ್ಲೇ ಸೇರಿಸಬಹುದು. ಇತಿಹಾಸ, ಭಾಷೆ, ಧರ್ಮಗಳ ಅಧ್ಯಯನಕ್ಕೆ ಹೋಗುವವಳಿಗೆ ಅದು ದೊಡ್ಡ ಬಂಡವಾಳ.

ನಮ್ಮಲ್ಲಿ ಅನೇಕರು ವಿನಯವೆಂದರೆ ತನ್ನ ಬಗ್ಗೆ ಮಾತನಾಡದಿರುವುದು ಎಂದು ಭಾವಿಸಿದ್ದಾರೆ. ಕೇಳಿದವರಿಗೆ ಇದ್ದದ್ದನ್ನು ಇದ್ದಂತೆ ಹೇಳುವುದು ಜಂಬವಲ್ಲ. ಇಲ್ಲದ್ದನ್ನು ಸೇರಿಸುವುದು ಮಾತ್ರ ಮೋಸ, ಸಿಕ್ಕಿದ ಸೀಟನ್ನೂ ಕಳೆಯಬಲ್ಲ ಮೋಸ.

ಹೆಸರಿನ ಬಗ್ಗೆಯೂ ಎಚ್ಚರವಿರಲಿ. ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ಣ ಹೆಸರು, ಇನ್ನೊಂದರಲ್ಲಿ 'ಬಾನು' ಇದ್ದು ಮತ್ತೊಂದರಲ್ಲಿ ಇಲ್ಲ. ಇಂತಹ ವ್ಯತ್ಯಾಸಗಳನ್ನು ಅರ್ಜಿಗೆ ಬಹಳ ಮೊದಲೇ ಸರಿಪಡಿಸಿಕೊಳ್ಳಬೇಕು. ಪದವಿಯ ನಂತರ ಮದುವೆ, ಬಾಣಂತನ ಎಂದು ಎರಡು ವರ್ಷ ಹೋಗಿದ್ದರೆ ನಾಚಿಕೆ ಬೇಡ. ಆ ಅವಧಿಯಲ್ಲಿ ಕಲಿತದ್ದು, ಕಲಿಸಿದ್ದು ಇದ್ದರೆ ಇಸವಿಯೊಂದಿಗೆ ಬರೆದರಾಯಿತು.

ಸಿದ್ಧವಾದ ಪ್ರತಿಯನ್ನು ಶಿಫಾರಸು ಪತ್ರ ಬರೆಯುವ ಅಧ್ಯಾಪಕರಿಗೂ ಕೊಡಿ. ನೂರಾರು ವಿದ್ಯಾರ್ಥಿಗಳ ನಡುವೆ ಅವರಿಗೆ ಎಲ್ಲವೂ ನೆನಪಿರುವುದಿಲ್ಲ.

ತಾಯಂದಿರೇ, ನೀವು ಓದದವರಾದರೂ ಸರಿ, ಕಳುಹಿಸುವ ಮೊದಲು ಮಗಳನ್ನು ಪಕ್ಕದಲ್ಲಿ ಕೂರಿಸಿ ಆ ಕಾಗದವನ್ನು ಓದಿಸಿ ಕೇಳಿರಿ. ಅವಳು ಸಂಕೋಚದಿಂದ ಬಿಟ್ಟದ್ದು ನಿಮಗೆ ನೆನಪಿರುತ್ತದೆ.