ಮಿನಿಟ್ಸ್ ಬರೆದ ವೀರನಾರಿ

ವಂಡರ್ ವುಮನ್ ಎಂದರೆ ನಮ್ಮ ಸಂಘದ ಮಕ್ಕಳಿಗೆಲ್ಲ ಗೊತ್ತು. ಆಕೆಯ ಕಿರೀಟ, ಗುಂಡು ತಡೆಯುವ ಕಡಗ, ಹೊನ್ನಿನ ಹಗ್ಗ ಎಲ್ಲವೂ ಅವರಿಗೆ ಬಾಯಿಪಾಠ. ಈ ವೀರನಾರಿಗೆ ಬಲ ಕೊಟ್ಟವರು ಯಾರು, ಕಿತ್ತುಕೊಂಡವರು ಯಾರು ಎಂಬ ವೃತ್ತಾಂತವನ್ನು ಮಾತ್ರ ಮಕ್ಕಳಿಗಿಂತ ನಾವು ದೊಡ್ಡವರು ತಿಳಿಯಬೇಕಾದದ್ದೆಂದು ನನ್ನ ಅಭಿಪ್ರಾಯ.

ಆಕೆಯನ್ನು ಸೃಷ್ಟಿಸಿದ ವಿಲಿಯಂ ಮೌಲ್ಟನ್ ಮಾರ್ಸ್ಟನ್ ಹಾರ್ವರ್ಡ್‌ನಲ್ಲಿ ಡಾಕ್ಟರೇಟ್ ಪಡೆದ ಮನಶ್ಶಾಸ್ತ್ರಜ್ಞರು. ಸುಳ್ಳಾಡುವವನ ರಕ್ತದೊತ್ತಡ ಏರುತ್ತದೆ, ಅದನ್ನು ಅಳೆದು ಸುಳ್ಳನ್ನು ಹಿಡಿಯಬಹುದು ಎಂಬುದು ಅವರ ವಾದ. 1923ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಈ ಪರೀಕ್ಷೆಯನ್ನು ಸಾಕ್ಷ್ಯವಾಗಿ ಒಪ್ಪಲಿಲ್ಲ. ವಿಜ್ಞಾನಿಗಳ ವಲಯದಲ್ಲಿ ಅದಕ್ಕಿನ್ನೂ ಸಾಕಷ್ಟು ಮನ್ನಣೆಯಿಲ್ಲವೆಂಬುದು ಕಾರಣ. ಪ್ರಯೋಗಶಾಲೆಯಲ್ಲಿ ದುಡಿಯುವ ನನಗೆ ಆ ತೀರ್ಪು ಸರಿಯೆಂದೇ ತೋರುತ್ತದೆ. ಆದರೆ 1941ರ ಕೊನೆಗೆ ಅವರ ನಾಯಕಿ ಹುಟ್ಟಿದಳು. ಮರುವರ್ಷ ಅವಳ ಕೈಗೆ ಬಂದ ಹಗ್ಗಕ್ಕೆ ಸಿಕ್ಕವರು ಮೊದಮೊದಲು ಅವಳು ಹೇಳಿದಂತೆ ಕೇಳಬೇಕಿತ್ತು. ಬರಬರುತ್ತ ಅದು ಸತ್ಯ ನುಡಿಸುವ ಹಗ್ಗವಾಯಿತು.

ಆ ಕಡಗಗಳ ಮೂಲ ಮಾರ್ಸ್ಟನ್ ಅವರ ಮನೆಯಲ್ಲೇ ಇತ್ತು. ಅವರ ಹೆಂಡತಿ ಎಲಿಜಬೆತ್ ಕಾನೂನು ಓದಿ ಹೊರಗೆ ದುಡಿದವರು. ಅದೇ ಮನೆಯಲ್ಲಿ ಅವರಿಬ್ಬರೊಡನೆ ಸಂಸಾರ ನಡೆಸಿದ ಆಲಿವ್ ಬರ್ನ್ ತೊಡುತ್ತಿದ್ದ ಅಗಲ ಕಡಗಗಳೇ ನಾಯಕಿಯ ಕೈಗೆ ಬಂದವು. ಅವಳ ಸ್ವಂತ ಪುಸ್ತಕ 1942ರಲ್ಲಿ ಹೊರಟಾಗ ಫ್ಲಾರೆನ್ಸ್ ನೈಟಿಂಗೇಲರಂಥ ನಿಜ ಮಹಿಳೆಯರ ಚರಿತ್ರೆಯೂ ಅದರಲ್ಲಿ ಬರತೊಡಗಿತು.

ಅದೇ ವರ್ಷ ಪುರುಷ ವೀರರ ಕೂಟವಾದ ಜಸ್ಟಿಸ್ ಸೊಸೈಟಿಗೂ ಅವಳ ಪ್ರವೇಶವಾಯಿತು. ಕೊಟ್ಟ ಕೆಲಸವೇನು? ಸೆಕ್ರೆಟರಿಗಿರಿ! ಟ್ಯಾಂಕನ್ನೆತ್ತುವ ಕೈಗೆ ಮಿನಿಟ್ಸ್ ಪುಸ್ತಕ. ಆ ಕಥೆಗಳನ್ನು ಬರೆಯುತ್ತಿದ್ದವರು ಮಾರ್ಸ್ಟನ್ ಅಲ್ಲ, ಗಾರ್ಡ್ನರ್ ಫಾಕ್ಸ್.

1947ರಲ್ಲಿ ಮಾರ್ಸ್ಟನ್ ತೀರಿಕೊಂಡರು. ಬರಬರುತ್ತ ಮಹಿಳೆಯರ ಚರಿತ್ರೆಯ ಪುಟಗಳು ಹೋಗಿ ನಾನಾ ದೇಶದ ಮದುವೆಯ ಪದ್ಧತಿಗಳು ಬಂದವು. 1968ರಲ್ಲಂತೂ ಅವಳ ದಿವ್ಯಶಕ್ತಿಯೆಲ್ಲ ಇಳಿದು, ಬಟ್ಟೆ ಅಂಗಡಿ ಇಟ್ಟಳು. 1972ರಲ್ಲಿ ಗ್ಲೋರಿಯಾ ಸ್ಟೈನಮ್ ಮತ್ತು ಗೆಳತಿಯರು ತಮ್ಮ 'ಮಿಸ್' ಪತ್ರಿಕೆಯ ಮುಖಪುಟದಲ್ಲಿ ಹಳೆಯ ವಂಡರ್ ವುಮನ್ನಳನ್ನು ನಿಲ್ಲಿಸಿದರು. 1973ರಲ್ಲಿ ಶಕ್ತಿ ಮರಳಿತು.

ಆಕೆಯನ್ನು ಮಾದರಿ ಎನ್ನಲು ಹಿಂಜರಿಯುವವರೂ ಇದ್ದಾರೆ. 2016ರ ಅಕ್ಟೋಬರಿನಲ್ಲಿ ವಿಶ್ವಸಂಸ್ಥೆ ಅವಳನ್ನು ಗೌರವ ರಾಯಭಾರಿಯಾಗಿಸಿದಾಗ ಅಲ್ಲಿನ ನೌಕರರೇ ಅವಳ ವೇಷವನ್ನು ಆಕ್ಷೇಪಿಸಿದರು. ಡಿಸೆಂಬರಿಗೆ ಆ ಪದವಿ ಮುಗಿಯಿತು. ಮಾರ್ಸ್ಟನ್ನರ ಕಥೆಗಳಲ್ಲಿ ಹೆಂಗಸರನ್ನು ಸರಪಳಿಯಲ್ಲಿ ಬಿಗಿಯುವ ಚಿತ್ರಗಳು ಅತಿಯಾಗಿದ್ದುದೂ ನಿಜ. ಆಕ್ಷೇಪಣೆಯಲ್ಲಿ ಹುರುಳಿದೆ. ಆದರೆ ನನಗೆ ವೇಷಕ್ಕಿಂತ ಮುಖ್ಯವಾಗಿ ಕಾಣುವುದು ಬೇರೊಂದು ಸಂಗತಿ.

ಜಾಯ್ ಹಮ್ಮೆಲ್ ಎಂಬ ತರುಣಿಯನ್ನು ಮಾರ್ಸ್ಟನ್ 1944ರಲ್ಲಿ ಸಹಾಯಕಿಯಾಗಿ ಸೇರಿಸಿಕೊಂಡರು. ಮೂರು ವರ್ಷಗಳಲ್ಲಿ ಎಪ್ಪತ್ತಕ್ಕೂ ಹೆಚ್ಚು ಕಥೆಗಳನ್ನು ಆಕೆ ಬರೆದರು. ಅಚ್ಚಾದದ್ದು ಮಾರ್ಸ್ಟನ್ನರ ಕಾವ್ಯನಾಮ, ಚಾರ್ಲ್ಸ್ ಮೌಲ್ಟನ್ ಎಂದು. ಹಮ್ಮೆಲ್ ಅವರಿಗೆ ಬಿಲ್ ಫಿಂಗರ್ ಪ್ರಶಸ್ತಿ ಸಂದದ್ದು 2018ರಲ್ಲಿ, ತೊಂಬತ್ತು ದಾಟಿದ ಮೇಲೆ. ಸ್ತ್ರೀಶಕ್ತಿಯ ಕಥೆ ಬರೆದ ಸ್ತ್ರೀಯ ಹೆಸರೇ ಪುಸ್ತಕದಲ್ಲಿರಲಿಲ್ಲ!

ಇದನ್ನೋದಿ ನಗುವ ಮೊದಲು ನಮ್ಮ ಸಂಘದ ವಾರ್ಷಿಕ ವರದಿಗಳನ್ನೊಮ್ಮೆ ತಿರುವಿಹಾಕೋಣ. ಅಧ್ಯಕ್ಷರ ಹೆಸರಿದೆ, ಭಾಷಣಕಾರರ ಹೆಸರಿದೆ, ಹಾರ ಹಾಕಿದವರ ಹೆಸರೂ ಇದೆ. ಮಕ್ಕಳಿಗೆ ಅ, ಆ, ಇ, ಈ ತಿದ್ದಿಸಿದವರು, ನಾಟಕದ ಮಾತು ತಿದ್ದಿ ಬರೆದುಕೊಟ್ಟವರು, ಯುಗಾದಿಯಂದು ಸಭೆಗೆಲ್ಲ ಆಗುವಷ್ಟು ಹುಳಿ ಕುದಿಸಿದವರು "ಮಹಿಳಾ ಸದಸ್ಯರ ಸಹಕಾರದಿಂದ" ಎಂಬ ಒಂದೇ ಸಾಲಿನಲ್ಲಿ ಮುಗಿದುಹೋಗಿದ್ದಾರೆ. ಮಿನಿಟ್ಸ್ ಬರೆದವರಂತೂ ಆ ಸಾಲಿನಲ್ಲೂ ಇಲ್ಲ.

ಆದ್ದರಿಂದ ನನ್ನ ಸೂಚನೆ ಇಷ್ಟೆ: ಮುಂದಿನ ಸಂಚಿಕೆಯಿಂದ ಯಾರು ಯಾವ ಕೆಲಸ ಮಾಡಿದರೆಂದು ಹೆಸರು ಹಿಡಿದು ಅಚ್ಚು ಹಾಕೋಣ. ಅರ್ಧ ಪುಟ ಹೆಚ್ಚಾದೀತು. ಜೊತೆಗೆ ಮುಂದಿನ ಸಲ ಮಿನಿಟ್ಸ್ ಬರೆಯುವ ಸರದಿ ಗಂಡಸರದಾಗಲಿ. ಮೊದಲ ಸರದಿಗೆ ನನ್ನ ಹೆಸರನ್ನೇ ಬರೆದುಕೊಳ್ಳಬಹುದು.