ಲೆಕ್ಕಪತ್ರದ ರಕ್ಷಣೆಗೆ ‘ರೇಡ್’ ಒಂದೇ ಸಾಲದು

ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿದ್ದ ಖಾತೆ ಪುಸ್ತಕಗಳ ಸ್ಥಾನವನ್ನು ಗಣಕಯಂತ್ರವು ಆಕ್ರಮಿಸಿ ಬಹುಕಾಲವಾಯಿತು. ಪುಸ್ತಕಕ್ಕೆ ಗೆದ್ದಲು ಹಿಡಿದರೆ ಕೆಲವು ಹಾಳೆಗಳು ಹೋಗುತ್ತಿದ್ದವು; ಹಾರ್ಡ್ ಡಿಸ್ಕ್ ಕೆಟ್ಟರೆ ಹಲವು ವರ್ಷಗಳ ಲೆಕ್ಕವೇ ಹೋಗುತ್ತದೆ. ಇದಕ್ಕೆ ಸರ್ವರ್ ಮಾರಾಟಗಾರರು ಸೂಚಿಸುವ ಉಪಾಯ ‘ರೇಡ್’. ಉಪಾಯವೇನೋ ಒಳ್ಳೆಯದೇ. ಆದರೆ ಅದು ಯಾವ ಅಪಾಯಕ್ಕೆ ರಕ್ಷಣೆ, ಯಾವುದಕ್ಕಲ್ಲ ಎಂಬುದನ್ನು ವಿಚಾರಿಸದೆ ಹಣ ತೆರುವುದು ವ್ಯಾಪಾರದ ಜಾಣತನವಲ್ಲ.

1988ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ ಮಂಡಿಸಿದ ಪ್ರಬಂಧವು ಈ ಹೆಸರನ್ನು ಪ್ರಚಾರಕ್ಕೆ ತಂದಿತು. ದುಬಾರಿಯಾದ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದ ಹಲವನ್ನು ಒಟ್ಟುಗೂಡಿಸಿ ದುಡಿಸುವುದು ಅವರ ವಿಚಾರ. ರೇಡ್ 0 ವೇಗಕ್ಕಷ್ಟೇ. ಒಂದು ಡಿಸ್ಕ್ ಕೆಟ್ಟರೆ ಎಲ್ಲವೂ ಹೋಯಿತು. ಲೆಕ್ಕಪತ್ರಕ್ಕೆ ಅದು ಸಲ್ಲದು. ರೇಡ್ 1ರಲ್ಲಿ ಎರಡು ಡಿಸ್ಕುಗಳ ಮೇಲೂ ಒಂದೇ ಬರಹ. ರೇಡ್ 5ರ ಮರ್ಮ ಗುಮಾಸ್ತರಿಗೆ ಹೊಸದಲ್ಲ: ಮೂರು ಬಾಬುಗಳ ಒಟ್ಟು ಮೊತ್ತ ಗೊತ್ತಿದ್ದು ಒಂದು ಬಾಬು ಅಳಿಸಿಹೋದರೆ, ಕಳೆದು ನೋಡಿ ಅದನ್ನು ತುಂಬಬಹುದಲ್ಲವೇ? ಹಾಗೆಯೇ ತಲಾ 4 ಟೆರಾಬೈಟಿನ ನಾಲ್ಕು ಡಿಸ್ಕುಗಳಲ್ಲಿ 12 ಟೆರಾಬೈಟ್ ಬಳಕೆಗೆ, ಉಳಿದ 4 ಈ ತಾಳೆಯ ಲೆಕ್ಕಕ್ಕೆ.

ತೊಡಕಿರುವುದು ಒಂದು ಕೆಟ್ಟ ಮೇಲೆ. ಹೊಸ ಡಿಸ್ಕನ್ನು ತುಂಬಲು ಉಳಿದ ಮೂರನ್ನೂ ಆದ್ಯಂತ ಓದಬೇಕು. ಹಲವು ಗಂಟೆ, ಕೆಲವೊಮ್ಮೆ ದಿನಗಳೇ ಹಿಡಿಯುತ್ತವೆ. ಒಂದೇ ದಿನ ಕೊಂಡ ಡಿಸ್ಕುಗಳು ಒಟ್ಟಿಗೇ ಸವೆದಿರುತ್ತವೆ. ಆ ಅವಧಿಯಲ್ಲಿ ಇನ್ನೊಂದು ಕೆಟ್ಟರೆ ಗತಿಯಿಲ್ಲ. ರೇಡ್ 6 ಎರಡರ ನಷ್ಟವನ್ನು ತಾಳುತ್ತದೆ, ಬಳಕೆಗೆ ಸಿಗುವುದು 8 ಟೆರಾಬೈಟ್ ಮಾತ್ರ. ಸಣ್ಣ ಉದ್ದಿಮೆಗೆ ಸಾಮಾನ್ಯವಾಗಿ ರೇಡ್ 1 ಸಾಕು.

ಆದರೆ ಕೈತಪ್ಪಿ ಅಳಿಸಿದ ಕಡತವು ಎರಡೂ ಡಿಸ್ಕುಗಳಿಂದ ಅದೇ ಕ್ಷಣ ಅಳಿಯುತ್ತದೆ. ಒತ್ತೆಹಣ ಕೇಳುವ ವೈರಸ್ ಎರಡನ್ನೂ ಬೀಗ ಹಾಕುತ್ತದೆ. ಬೆಂಕಿ, ಸಿಡಿಲು, ಕಳವುಗಳಿಗೂ ಎರಡು ಡಿಸ್ಕುಗಳ ಭೇದವಿಲ್ಲ. ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನಂತೆ ವಾರ್ಷಿಕ ರಿಟರ್ನ್ ಸಲ್ಲಿಕೆಯ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಕಾಪಾಡಬೇಕು. ವಿದ್ಯುನ್ಮಾನ ದಾಖಲೆಗಳಿಗೆ ಸೂಕ್ತ ಬ್ಯಾಕಪ್ ಇರಬೇಕೆಂದು ನಿಯಮಾವಳಿಯ 57ನೇ ನಿಯಮ ಹೇಳುತ್ತದೆ. ಕಂಪನಿಗಳಿಗಂತೂ 2022ರ ತಿದ್ದುಪಡಿಯ ತರುವಾಯ ಭಾರತದಲ್ಲಿರುವ ಸರ್ವರಿನಲ್ಲಿ ದಿನಂಪ್ರತಿ ಬ್ಯಾಕಪ್ ಕಡ್ಡಾಯ.

ಆದುದರಿಂದ ನಾಲ್ಕನೆಯ ಡಿಸ್ಕಿಗೆ ತೆರುವ ಹಣವನ್ನು ಮೊದಲು ಪ್ರತ್ಯೇಕ ಪ್ರತಿಗೆ ವಿನಿಯೋಗಿಸುವುದು ಲೇಸು. ಆ ಪ್ರತಿ ಬೇರೊಂದು ಕಟ್ಟಡದಲ್ಲಿರಬೇಕು, ಸರ್ವರಿಗೆ ಸದಾ ಜೋಡಿಸಿರಬಾರದು. ಮೂರು ತಿಂಗಳಿಗೊಮ್ಮೆಯಾದರೂ ಅದನ್ನು ಬೇರೆ ಗಣಕಯಂತ್ರದಲ್ಲಿ ತೆರೆದು, ಹಿಂದಿನ ತಿಂಗಳ ಮಾರಾಟದ ಮೊತ್ತ ತಾಳೆಯಾಗುವುದೇ ಎಂದು ಮಾಲೀಕರು ಎದುರಿಗೇ ಕುಳಿತು ನೋಡತಕ್ಕದ್ದು.