ಬಾಣಂತನಕ್ಕೆ ಹೊರಟ ಅಮ್ಮನಿಗೆ ವಿಮೆ ಮಾಡಿಸಿ

ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ಹೊರಡುವ ತಾಯಂದಿರ ಸಡಗರ ನೋಡಬೇಕು. ಅಂಟಿನುಂಡೆ, ಚಟ್ನಿಪುಡಿ, ಮಗುವಿಗೆ ಹಾಸಲು ಹಳೇ ಸೀರೆಯ ಬಟ್ಟೆ. ಸೂಟ್‌ಕೇಸು 23 ಕಿಲೋ ದಾಟದಂತೆ ಮತ್ತೆ ಮತ್ತೆ ತೂಕ. ಆರು ತಿಂಗಳಿಗಾಗುವಷ್ಟು ಬಿಪಿ, ಶುಗರ್ ಮಾತ್ರೆಗಳೂ ಅದರೊಳಗೆ ಸೇರುತ್ತವೆ. ವಿಮೆಯ ಮಾತೆತ್ತಿದರೆ ಮಾತ್ರ, ‘ನನಗೇನಾಗುತ್ತೆ, ಸುಮ್ಮನೆ ದುಡ್ಡು ದಂಡ’ ಅಂದುಬಿಡುತ್ತಾರೆ.

ಯುರೋಪಿಗೆ ಹೋಗುವವರು ಈ ಮಾತು ಆಡುವಂತಿಲ್ಲ. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಬೇಕೇ ಬೇಕು. ಅಮೆರಿಕದ ಪ್ರವಾಸಿ ವೀಸಾಕ್ಕೆ ಆ ಕಡ್ಡಾಯವಿಲ್ಲ. ಹಾಗಾಗಿ, ಚಿಕಿತ್ಸೆ ವಿಪರೀತ ದುಬಾರಿಯಾದ ದೇಶಕ್ಕೇ ನಮ್ಮ ಹಿರಿಯರು ವಿಮೆಯಿಲ್ಲದೆ ಹೋಗುತ್ತಿದ್ದಾರೆ. ಅಲ್ಲಿನ ವೃದ್ಧರಿಗಿರುವ ಮೆಡಿಕೇರ್ ಇವರಿಗೆ ಸಿಗದು. ಇಲ್ಲಿನ ಆರೋಗ್ಯ ವಿಮೆ ಸಾಮಾನ್ಯವಾಗಿ ಅಲ್ಲಿ ನಡೆಯದು. ತುರ್ತು ಚಿಕಿತ್ಸೆಗೆ ಬಂದವರನ್ನು ಹಣವಿಲ್ಲವೆಂದು ವಾಪಸು ಕಳಿಸಬಾರದೆಂಬ 1986ರ ಕಾನೂನು ಅಲ್ಲಿದೆ, ನಿಜ. ಆದರೆ ಬಿಲ್ಲು ಆಮೇಲೆ ಮನೆಗೆ ಬಂದೇ ಬರುತ್ತದೆ; ಹೃದಯಾಘಾತವಾಗಿ ಕೆಲವು ದಿನ ಐಸಿಯುನಲ್ಲಿದ್ದರೆ ಅದು ಲಕ್ಷ ಡಾಲರ್ ಮುಟ್ಟಿದರೂ ಆಶ್ಚರ್ಯವಿಲ್ಲ.

ಬಿಲ್ಲಿಗಿಂತಲೂ ನನ್ನನ್ನು ಕಾಡುವ ಸಂಗತಿಯೊಂದಿದೆ. ವಿಮೆಯಿಲ್ಲದ ಅಪ್ಪ ಅಮ್ಮ ನೋವನ್ನು ಮುಚ್ಚಿಡುತ್ತಾರೆ. ರಾತ್ರಿ ಎದೆ ಹಿಡಿದುಕೊಂಡರೆ ಗ್ಯಾಸ್ಟ್ರಿಕ್ ಇರಬೇಕೆಂದು ಜೀರಿಗೆ ನೀರು ಕುಡಿದು ಮಲಗುತ್ತಾರೆ. ಹಸಿ ಬಾಣಂತಿ ಮಗಳನ್ನು ಎಬ್ಬಿಸುವುದು ಬೇಡ, ಅಳಿಯಂದಿರಿಗೆ ಖರ್ಚು ಹಚ್ಚುವುದು ಬೇಡ, ಬೆಳಗಾಗಲಿ ನೋಡೋಣ ಎಂಬ ಸಂಕೋಚ. ಎದೆನೋವಿನಲ್ಲಿ ಆ ಬೆಳಗಿನವರೆಗಿನ ಹೊತ್ತೇ ಜೀವ ಉಳಿಸುವ ಹೊತ್ತು.

ಆದ್ದರಿಂದ ಮಕ್ಕಳಲ್ಲಿ ನನ್ನ ಕಳಕಳಿಯ ಬೇಡಿಕೆ: ಟಿಕೆಟ್ ಮಾಡಿಸುವಾಗಲೇ ವಿಮೆಯನ್ನೂ ಮಾಡಿಸಿ. ಕಡಿಮೆ ಕಂತೆಂದು ಮರುಳಾಗಬೇಡಿ. ಕೆಲವು ಪಾಲಿಸಿಗಳು ಒಂದೊಂದು ಚಿಕಿತ್ಸೆಗೂ ಇಂತಿಷ್ಟೇ ಎಂದು ಮಿತಿ ಹಾಕಿರುತ್ತವೆ, ಉಳಿದದ್ದೆಲ್ಲ ನಿಮ್ಮ ತಲೆಯ ಮೇಲೆ. ಬಿಪಿ, ಶುಗರ್, ಹಿಂದೆ ಹಾಕಿಸಿಕೊಂಡ ಸ್ಟೆಂಟ್, ಯಾವುದನ್ನೂ ಅರ್ಜಿಯಲ್ಲಿ ಬಚ್ಚಿಡಬೇಡಿ. ಹಳೇ ಕಾಯಿಲೆ ಇದ್ದಕ್ಕಿದ್ದಂತೆ ಉಲ್ಬಣಿಸಿದರೆ ಎಷ್ಟು ಕೊಡುತ್ತಾರೆಂದು ಬರಹದಲ್ಲೇ ನೋಡಿಕೊಳ್ಳಿ. ಎಪ್ಪತ್ತು ದಾಟಿದವರಿಗೆ ಎಷ್ಟೋ ಪಾಲಿಸಿಗಳಲ್ಲಿ ವಿಮಾ ಮೊತ್ತ ಇಳಿಯುತ್ತದೆ, ಅದನ್ನೂ ಕೇಳಿ.

ಅವರು ಬಂದಿಳಿದ ದಿನವೇ ಪಾಲಿಸಿ ಕಾರ್ಡನ್ನು ಅಮ್ಮನ ಪರ್ಸಿನಲ್ಲಿಡಿ. ‘ಕಂತು ಕಟ್ಟಿಯಾಗಿದೆ ಅಮ್ಮಾ, ಮೈಗೆ ಚೂರು ಹುಷಾರಿಲ್ಲ ಅನ್ನಿಸಿದರೂ ನಡುರಾತ್ರಿಯಾದರೂ ಎಬ್ಬಿಸು’ ಎಂದು ಬಾಯಿಬಿಟ್ಟು ಹೇಳಿ.